ಕಣದಿಂದ ಇಳಿದ ಪೈಲ್ವಾನನಿಗೆ ಅರ್ಧ ತಾಸು ಬಿಡಿ

ಮಾನ್ಯ ಸಂಪಾದಕರೇ,

ಜಾತ್ರೆಯ ಕುಸ್ತಿ ಮುಗಿದ ಮರುದಿನ ನಮ್ಮ ಕಡೆಯ ಚಹಾದಂಗಡಿಗಳಲ್ಲಿ ಎರಡು ಮಾತು ತಪ್ಪದೇ ಕೇಳಿಬರುತ್ತವೆ. ‘ಪೈಲ್ವಾನ ಭಾಳ ಛಲೋ ಮನಷ್ಯಾ, ಹೆಗಲ ಮ್ಯಾಲ ಕೈ ಹಾಕಿ ಫೋಟೋ ತಗಸ್ಕೊಂಡ’ ಎನ್ನುವುದು ಒಂದು. ‘ಎಷ್ಟ ಸೊಕ್ಕ ಅಂತೀನಿ, ಫೋನ್ ಸರಿಸಿ ಹೊಂಟೇ ಬಿಟ್ಟ’ ಎನ್ನುವುದು ಇನ್ನೊಂದು. ಎರಡೂ ಮಾತು ಒಬ್ಬನೇ ಪೈಲ್ವಾನನ ಬಗ್ಗೆ, ಒಂದೇ ಸಂಜೆಗೆ ಸಂಬಂಧಿಸಿದ್ದಾಗಿರುವುದು ಅಪರೂಪವೇನಲ್ಲ. ಮೊದಲನೆಯವನು ಮಾತಾಡಿಸಿದ್ದು ಪೈಲ್ವಾನ ಮೈತೊಳೆದು, ಅಂಗಿ ತೊಟ್ಟು, ಕುಸ್ತಿ ಕಲಿಸುವ ವಸ್ತಾದರ ಪಕ್ಕ ಕೂತಾಗ. ಎರಡನೆಯವನು ಹಿಡಿದು ನಿಲ್ಲಿಸಿದ್ದು ಕಣದಿಂದ ಇಳಿದ ಎರಡನೇ ನಿಮಿಷದಲ್ಲಿ.

ನಮ್ಮ ಮೂರು ಜಿಲ್ಲೆಗಳಲ್ಲಿ ಆಟಗಾರರು ದೂರದವರಲ್ಲ. ಬೆಳಗಾವಿಯ ಗರಡಿಮನೆಗಳ ಹುಡುಗರು, ಚಂದರಗಿ ಕ್ರೀಡಾ ಶಾಲೆಯ ಮಕ್ಕಳು, ವಿಜಯಪುರ ಮತ್ತು ಬಾಗಲಕೋಟೆಯ ಸೈಕ್ಲಿಸ್ಟ್‌ಗಳು ನಾವು ಹತ್ತುವ ಬಸ್ಸನ್ನೇ ಹತ್ತುತ್ತಾರೆ, ಖಾನಾವಳಿಯಲ್ಲಿ ಪಕ್ಕದ ಟೇಬಲ್ಲಿಗೇ ಕೂಡುತ್ತಾರೆ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್ ಕೊಟ್ಟು 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ವಿಜಯಪುರದವರು. 2018ರ ಏಷ್ಯನ್ ಗೇಮ್ಸ್‌ನ ಕುರಾಶ್ ಎಂಬ ಕುಸ್ತಿಯಂಥ ಆಟದಲ್ಲಿ ಕಂಚು ಗೆದ್ದ ಮಲಪ್ರಭಾ ಜಾಧವ ಬೆಳಗಾವಿ ಜಿಲ್ಲೆಯವರು. ‘ನಮ್ಮೂರ ಹುಡುಗಿ, ನಮ್ಮೂರ ಹುಡುಗ’ ಎಂಬ ಸಲಿಗೆ ಇರುವುದರಿಂದಲೇ ಮುನಿಸೂ ಬೇಗ ಹುಟ್ಟುತ್ತದೆ. ಆಟಗಾರನ ದಿನ ಹೇಗೆ ಸಾಗುತ್ತದೆ, ಯಾವ ಹೊತ್ತಿಗೆ ಅವನ ಮೈ ಯಾವ ಸ್ಥಿತಿಯಲ್ಲಿರುತ್ತದೆ ಎಂದು ಗೊತ್ತಿದ್ದರೆ ಈ ಮುನಿಸಿನ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಅದನ್ನು ಬಿಡಿಸಿ ಹೇಳುವುದಕ್ಕೆ ಈ ಪತ್ರ.

ಕುಸ್ತಿಯಿಂದಲೇ ಶುರು ಮಾಡೋಣ. ಒಂದನೇ ನಂಬರಿನ ಜೋಡಿ ಕಣಕ್ಕಿಳಿಯುವುದು ಕೊನೆಗೆ, ಹೊತ್ತು ಮುಳುಗುವ ವೇಳೆಗೆ. ಚಿತ್ ಆದ ಕೂಡಲೇ ಹಲಗಿ ಬಡಿತ ಜೋರಾಗುತ್ತದೆ, ಮಂದಿ ಹಗ್ಗ ದಾಟಿ ಒಳಗೆ ನುಗ್ಗುತ್ತಾರೆ, ಗೆದ್ದವನನ್ನು ಹೆಗಲಿಗೇರಿಸುತ್ತಾರೆ. ಆ ಹೊತ್ತಿಗೆ ಪೈಲ್ವಾನನ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ, ಬಾಯಿಂದ ಉಸಿರೆಳೆಯುತ್ತಿರುತ್ತಾನೆ. ಮೈ ಬಿಸಿ ಇರುವಾಗ ಕತ್ತು, ಭುಜ, ಪಕ್ಕೆಲುಬಿನ ಪೆಟ್ಟು ಗೊತ್ತಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಕಳೆದು ಮೈ ಆರಿದ ಮೇಲೆ ನೋವು ಏಳುತ್ತದೆ. ಅಷ್ಟರೊಳಗೆ ಒಬ್ಬ ಬಲಗೈ ಹಿಡಿದು ಎತ್ತಿ ತೋರಿಸಿ, ಮತ್ತೊಬ್ಬ ಎಡಗೈ ಎಳೆದು ಸೆಲ್ಫಿಗೆ ತಿರುಗಿಸಿದರೆ, ಕಣದಲ್ಲಿ ಉಳುಕಿದ ಭುಜ ಕಣದ ಹೊರಗೆ ಕೀಲು ತಪ್ಪುತ್ತದೆ. ಪೈಲ್ವಾನ ಕೈ ಕೊಸರಿಕೊಳ್ಳುವುದು ಇದೇ ಕಾರಣಕ್ಕೆ. ಅವನನ್ನು ಹೊರಲೇಬೇಕೆಂದರೆ ಮೊದಲು ವಸ್ತಾದರು ಬಂದು ಕತ್ತು, ಭುಜ, ಮೊಣಕಾಲು ಮುಟ್ಟಿ ನೋಡಲಿ. ಅವರು ತಲೆಯಾಡಿಸಿದ ಮೇಲೆ ಹೊರಿ.

ಕಿವಿಯ ಮಾತನ್ನು ಬೇರೆಯಾಗಿ ಹೇಳಬೇಕು. ಪೈಲ್ವಾನನ ಮುದುಡಿದ ಕಿವಿಯನ್ನು ಮುಟ್ಟಿ ನೋಡುವ ಆಸೆ ಹುಡುಗರಿಗೆ ಬಹಳ. ತಿಕ್ಕಾಟ, ಹೊಡೆತದಿಂದ ಕಿವಿಯ ಚರ್ಮಕ್ಕೂ ಮೃದು ಎಲುಬಿಗೂ ನಡುವೆ ರಕ್ತ ತುಂಬಿ, ಅದು ಗಟ್ಟಿಯಾದಾಗ ಆ ಆಕಾರ ಬರುತ್ತದೆ. ಹಳೆಯದಾದರೆ ನೋವಿಲ್ಲ. ಹೊಸದಾಗಿ ಊದಿದ್ದರೆ ಬೆರಳು ತಾಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವುದು ಹಳೆಯದು, ಯಾವುದು ಹೊಸದು ತಿಳಿಯದು, ಹಾಗಾಗಿ ಮುಟ್ಟದಿರುವುದೇ ಲೇಸು. ಕೈ ಕುಲುಕಲು ಒಲ್ಲೆ ಎಂದ ಪೈಲ್ವಾನನ ಮೇಲೂ ತಟ್ಟನೆ ಸಿಟ್ಟಾಗಬೇಡಿ. ತದ್ದಿನಂಥ ಚರ್ಮರೋಗ ಗರಡಿಯಲ್ಲಿ ಒಬ್ಬರಿಂದ ಒಬ್ಬರಿಗೆ ಬೇಗ ಹಬ್ಬುತ್ತದೆ. ಮ್ಯಾಟ್ ಕುಸ್ತಿಯಲ್ಲಿ ಸ್ಪರ್ಧೆಗೆ ಮುಂಚೆ ವೈದ್ಯರು ಚರ್ಮ ಪರೀಕ್ಷಿಸಿ, ಅಂಟುರೋಗವಿದ್ದರೆ ಆಡಲು ಬಿಡುವುದಿಲ್ಲ. ಮುಂದಿನ ವಾರ ಸ್ಪರ್ಧೆ ಇರುವವನು ನೂರು ಜನರ ಕೈ ಹಿಡಿಯಲು ಹಿಂದೆ ಮುಂದೆ ನೋಡುವುದು ಸಹಜ. ಎರಡೂ ಕೈ ಜೋಡಿಸಿ ಶರಣು ಎನ್ನುವ ನಮ್ಮ ಪದ್ಧತಿ ಇಲ್ಲಿ ಇಬ್ಬರಿಗೂ ಒಳ್ಳೆಯದು.

ಗರಡಿಗೆ ಹೋಗಿ ನೋಡುವವರಿಗೂ ಒಂದು ಮಾತು. ಚಪ್ಪಲಿ ಹೊರಗೆ ಬಿಡಬೇಕೆಂದು ಎಲ್ಲರಿಗೂ ಗೊತ್ತು, ಆದರೂ ಫೋಟೋದ ಭರದಲ್ಲಿ ನೇರ ಅಖಾಡದ ಮಣ್ಣಿಗೇ ಕಾಲಿಡುತ್ತಾರೆ. ಎಣ್ಣೆ, ಅರಿಷಿಣ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿದ ಮಣ್ಣು ಅದು. ಹೊರಗಿನ ಒಂದು ಸಣ್ಣ ಹರಳು ಅದರಲ್ಲಿ ಸೇರಿದರೂ ಬೆನ್ನು ಸೀಳುತ್ತದೆ. ವಸ್ತಾದರು ಗದರಿಸಿದರೆ ಅದು ನಿಮ್ಮನ್ನು ಹೀಯಾಳಿಸಲು ಅಲ್ಲ.

ಕುಸ್ತಿಗೆ ಮುಂಚಿನ ಹೊತ್ತು ಇನ್ನೂ ಸೂಕ್ಷ್ಮ. ಮಣ್ಣಿನ ಕುಸ್ತಿಯಲ್ಲಿ ಜೋಡಿ ಕಟ್ಟುವುದು ಕಣ್ಣಂದಾಜಿನಲ್ಲಿ. ಮ್ಯಾಟ್ ಮೇಲೆ ಆಡುವವರದ್ದು ತಕ್ಕಡಿಯ ಬದುಕು. ಅಂತರರಾಷ್ಟ್ರೀಯ ನಿಯಮದಂತೆ ತೂಕ ನೋಡುವುದು ಸ್ಪರ್ಧೆಯ ದಿನ ಬೆಳಿಗ್ಗೆಯೇ, ಎರಡನೇ ದಿನವೂ ಆಟವಿದ್ದರೆ ಅಂದೂ ಮತ್ತೆ ತೂಗಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್ ತಲುಪಿಯೂ ಅನರ್ಹರಾದದ್ದು ಎರಡನೇ ದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ. ತೂಕ ಇಳಿಸುತ್ತಿರುವವರು ಹಿಂದಿನ ದಿನ ಊಟ ಬಿಟ್ಟು, ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿದು, ಸ್ವೆಟರ್ ಹಾಕಿಕೊಂಡು ಓಡಿ ಬೆವರು ಇಳಿಸಿರುತ್ತಾರೆ. ಬಾಯಿ ಒಣಗಿರುತ್ತದೆ, ತಲೆ ಸಿಡಿಯುತ್ತಿರುತ್ತದೆ. ಆ ಮುಖದ ಮೇಲೆ ನಗು ಹುಡುಕಬೇಡಿ. ತೂಕ ಮುಗಿಸಿ, ಗ್ಲೂಕೋಸ್ ನೀರು ಕುಡಿದು, ಒಂದಿಷ್ಟು ಉಂಡ ಮೇಲೆ ಅದೇ ಹುಡುಗ ತಾನಾಗಿಯೇ ಮಾತಿಗೆ ಬರುತ್ತಾನೆ.

ಉಣ್ಣುವ ವಿಷಯ ಬಂದದ್ದರಿಂದ ನಮ್ಮ ಆದರಾತಿಥ್ಯದ ಬಗ್ಗೆ ಹೇಳಲೇಬೇಕು. ಬೆಳಗಾವಿಯವರು ಕುಂದಾ ತರುತ್ತಾರೆ. ಗೋಕಾಕದಿಂದ, ಅಮೀನಗಡದಿಂದ ಕರದಂಟು ಬರುತ್ತದೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಕೆಚ್ಚಲಿನಿಂದ ಆಗಷ್ಟೇ ಕರೆದ ಹಾಲು ಬರುತ್ತವೆ. ಇದಕ್ಕಿಂತ ದೊಡ್ಡ ಪ್ರೀತಿ ಯಾವುದಿದೆ? ಆದರೆ ‘ನನ್ನ ಕೈಯಾರೆ ಒಂದ ತುತ್ತ ತಿನ್ರಿ’ ಎಂದು ಬಾಯಿಗೇ ಹಿಡಿದರೆ ಆಟಗಾರ ಮುಖ ತಿರುಗಿಸುತ್ತಾನೆ, ತಂದವರಿಗೆ ಅವಮಾನವಾಗುತ್ತದೆ. ಉದ್ದೀಪನ ಮದ್ದು ಪರೀಕ್ಷೆಯ ನಿಯಮದಲ್ಲಿ ಮೈಯೊಳಗೆ ಏನು ಸಿಕ್ಕಿದರೂ ಅದಕ್ಕೆ ಆಟಗಾರನೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎನ್ನುವುದೆಲ್ಲ ಶಿಕ್ಷೆ ಎಷ್ಟು ಎಂಬ ಲೆಕ್ಕಕ್ಕೆ ಬರುವ ಮಾತು. 2016ರಲ್ಲಿ ಪೈಲ್ವಾನ ನರಸಿಂಗ್ ಯಾದವ್ ತಮ್ಮ ಆಹಾರದಲ್ಲಿ ಯಾರೋ ಮದ್ದು ಬೆರೆಸಿದ್ದಾರೆ ಎಂದು ವಾದಿಸಿದರು. ನಮ್ಮ ದೇಶದ ಮದ್ದು ತಡೆ ಸಂಸ್ಥೆ ನಾಡಾ ಅದನ್ನು ಒಪ್ಪಿ ಬಿಟ್ಟಿತ್ತು. ರಿಯೋದಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಒಪ್ಪಲಿಲ್ಲ, 4 ವರ್ಷ ನಿಷೇಧ ಹೇರಿತು. ಈ ಕಥೆ ಗೊತ್ತಿಲ್ಲದ ಪೈಲ್ವಾನ ದೇಶದಲ್ಲಿಲ್ಲ. ಅಂಗಡಿಯ ಸೀಲ್ ಒಡೆಯದ ಡಬ್ಬಿ ತಂದು, ಆಟಗಾರನ ಕೈಗಲ್ಲ, ವಸ್ತಾದರ ಅಥವಾ ಕೋಚ್ ಕೈಗೆ ಕೊಡಿ. ನೀರಿನ ಬಾಟಲಿ ಕೊಡುವುದಾದರೂ ಮುಚ್ಚಳ ತಿರುಗಿಸದೆ ಕೊಡಿ. ಭಸ್ಮ, ನಾಟಿ ಪುಡಿ, ಜಿಮ್ಮಿನ ಡಬ್ಬದಿಂದ ಪೊಟ್ಟಣ ಕಟ್ಟಿದ ಪೌಡರ್, ಇವನ್ನಂತೂ ತರಲೇಬೇಡಿ. ಒಳಗೇನಿದೆ ಎಂದು ಹೇಳುವವರಿಲ್ಲದ ವಸ್ತುಗಳಿವು.

ಗೆದ್ದ ಕೂಡಲೇ ಆಟಗಾರನ ಬೆನ್ನಿಗೆ ಬಿದ್ದು ಒಬ್ಬ ಅಪರಿಚಿತ ಓಡಾಡುವುದನ್ನು ರಾಷ್ಟ್ರಮಟ್ಟದ ಕೂಟಗಳಲ್ಲಿ ನೋಡಿರುತ್ತೀರಿ. ಅವರು ಬೌನ್ಸರ್ ಅಲ್ಲ. ಪರೀಕ್ಷೆಗೆ ಕರೆ ಬಂದ ಆಟಗಾರನನ್ನು ಮಾದರಿ ಕೊಡುವವರೆಗೆ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕಾದವರು. ಕೊಡಬೇಕಾದ ಮೂತ್ರ ಕನಿಷ್ಠ 90 ಮಿ.ಲೀ. ಬೆವರಿ ಬತ್ತಿದ ಮೈಗೆ ಅಷ್ಟಾಗಲು ಒಂದು ತಾಸೂ ಹಿಡಿಯಬಹುದು, ಎರಡೂ ಹಿಡಿಯಬಹುದು. ಹೊರಗೆ ಕಾಯುವ ಅಭಿಮಾನಿಗಳಿಗೆ ‘ಒಳಗ ಕುಂತಾನ, ಹೊರಗ ಬರವಲ್ಲ’ ಎಂದಷ್ಟೇ ಕಾಣುತ್ತದೆ. ಕೂಟ ನಡೆಸುವವರು ಮೈಕಿನಲ್ಲಿ ಇದನ್ನು ಒಂದು ಮಾತು ಹೇಳಿದರೆ ಯಾರೂ ಬೈಯುವುದಿಲ್ಲ.

ಇನ್ನು ಸೈಕಲ್. ಬಾಗಲಕೋಟೆ, ವಿಜಯಪುರದ ರಸ್ತೆಗಳಲ್ಲಿ ರೇಸ್ ನಡೆದಾಗ ಜನ ಸೇರುವ ಪರಿ ನೋಡಿದರೆ ಹೆಮ್ಮೆಯಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಗುಂಪು ತಾಸಿಗೆ 40 ಕಿ.ಮೀ. ವೇಗದಲ್ಲಿ ಬಂದರೆ ಒಂದು ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ನೀವು ಫೋನ್ ಹಿಡಿದ ಕೈಯನ್ನು ಅರ್ಧ ಮೀಟರ್ ಮುಂದೆ ಚಾಚಿದರೆ, ಅಂಚಿನಲ್ಲಿರುವ ಸವಾರನ ಹ್ಯಾಂಡಲ್ಲಿಗೆ ಅದು ತಾಗುತ್ತದೆ. ಅವನು ಬಿದ್ದರೆ ಹಿಂದಿನ ಹತ್ತು ಮಂದಿ ಅವನ ಮೇಲೆ ಬೀಳುತ್ತಾರೆ, ಯಾಕೆಂದರೆ ಗಾಳಿ ತಪ್ಪಿಸಲು ಅವರು ಒಬ್ಬರ ಚಕ್ರಕ್ಕೊಬ್ಬರು ಅಂಟಿಕೊಂಡೇ ಬರುತ್ತಿರುತ್ತಾರೆ. 2021ರ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನವೇ ರಸ್ತೆಬದಿಯ ಪ್ರೇಕ್ಷಕಿಯೊಬ್ಬರು ಟಿ.ವಿ. ಕ್ಯಾಮೆರಾಕ್ಕೆ ರಟ್ಟಿನ ಫಲಕ ತೋರಿಸುತ್ತ ಒಂದು ಹೆಜ್ಜೆ ಒಳಗೆ ಬಂದರು. ಜರ್ಮನಿಯ ಟೋನಿ ಮಾರ್ಟಿನ್ ಅದಕ್ಕೆ ಬಡಿದು ಬಿದ್ದರು, ಅವರ ಹಿಂದೆ ಅರ್ಧ ಗುಂಪೇ ರಸ್ತೆಗೆ ಬಿತ್ತು. ಆ ಪ್ರೇಕ್ಷಕಿಗೆ ಕೋರ್ಟು ದಂಡ ಹಾಕಿತು. ತಿರುವಿನ ಹೊರಮಗ್ಗುಲಲ್ಲಿ ನಿಲ್ಲಬೇಡಿ, ಹಿಡಿತ ತಪ್ಪಿದ ಸೈಕಲ್ ಅತ್ತಲೇ ಬರುತ್ತದೆ. ಬಿಸಿಲಿಗೆ ಕರುಣೆಪಟ್ಟು ಕೊಡದಿಂದ ನೀರು ಎರಚುವುದೂ ಬೇಡ. ಕನ್ನಡಕ ಮಬ್ಬಾಗುತ್ತದೆ, ಬ್ರೇಕಿನ ಮೇಲೆ ಬೆರಳು ಜಾರುತ್ತದೆ.

ಗೆರೆ ದಾಟಿದ ಮೇಲಿನದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಲ್ಲರೂ ಫೋಟೋಗಾಗಿ ಗೆರೆಯಿಂದ ಇಪ್ಪತ್ತು ಮೂವತ್ತು ಮೀಟರ್ ಆಚೆ ರಸ್ತೆಯ ಮೇಲೇ ನಿಂತಿರುತ್ತಾರೆ. ಕೊನೆಯ ಓಟದಲ್ಲಿ ತಲೆ ತಗ್ಗಿಸಿ ಬರುವ ಸವಾರನಿಗೆ ನಿಲ್ಲಲು ಕನಿಷ್ಠ ನೂರು ಮೀಟರ್ ಖಾಲಿ ರಸ್ತೆ ಬೇಕು. ನಿಂತ ಕೂಡಲೇ ಕೆಳಗಿಳಿಸಿ ಹಾರ ಹಾಕುವುದೂ ಸರಿಯಲ್ಲ. ತೊಡೆಗಳಿಗೆ ಇಳಿದ ರಕ್ತ ಮೇಲೇರಲು ಕಾಲು ಆಡುತ್ತಿರಬೇಕು. ತಟ್ಟನೆ ನಿಂತರೆ ಕಣ್ಣಿಗೆ ಕತ್ತಲೆ ಬಂದು ಕುಸಿಯುತ್ತಾರೆ. ಹತ್ತು ಹದಿನೈದು ನಿಮಿಷ ಮೆಲ್ಲಗೆ ತುಳಿಯುತ್ತ ಮೈ ಆರಿಸಿಕೊಳ್ಳಬೇಕು. ಆಗ ಅಡ್ಡ ನಿಂತವನಿಗೆ ‘ಸರೀರಿ’ ಎಂದು ಕಿರುಚಿದರೆ ಅದು ಒರಟುತನವಲ್ಲ.

ಸೈಕಲ್ಲನ್ನು ಮುಟ್ಟುವವರಿಗೆ ಒಂದಿಷ್ಟು ವಿವರ, ಯಾಕೆಂದರೆ ಮೃದು ಮಾತಿನ ಸವಾರನೂ ಬೆಂಕಿಯಾಗುವುದು ಇಲ್ಲಿಯೇ. ನಿಂತ ಸೈಕಲ್ಲಿನ ಗೇರ್ ಒತ್ತಿದರೆ ಚೈನು ಆ ಕ್ಷಣಕ್ಕೆ ಕದಲುವುದಿಲ್ಲ, ಸವಾರ ಮೊದಲ ತುಳಿತ ತುಳಿದಾಗ ಜಿಗಿದು ತಪ್ಪುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲಿಂದ ಚಕ್ರ ಬಿಚ್ಚಿಟ್ಟಿರುವಾಗ ಬ್ರೇಕ್ ಹಿಡಿದರೆ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಂಡು ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ಬಲಮಗ್ಗುಲಿಗೆ ಒರಗಿಸಿದರೆ ಹಿಂದಿನ ಗೇರು ಹಿಡಿದ ತುಂಡು ಬಾಗಿ, ದೊಡ್ಡ ಗೇರಿಗೆ ಹಾಕಿದಾಗ ಅದು ಕಡ್ಡಿಗಳೊಳಗೆ ಸಿಕ್ಕಿಬೀಳುತ್ತದೆ. ಮಗುವನ್ನು ಮೇಲಿನ ಕೊಳವೆಯ ಮೇಲೆ ಕೂರಿಸಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ, ಕಾರ್ಬನ್ ಕೊಳವೆಯ ಗೋಡೆ ತೆಳು, ಒಳಗೇ ಬಿರುಕು ಬಿಟ್ಟರೆ ಹೊರಗೆ ಕಾಣದು. ಸೀಟಿನ ಎತ್ತರವನ್ನು ಅವರು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಕೇಳಿ ಪಕ್ಕದಲ್ಲಿ ನಿಂತುಕೊಳ್ಳಿ, ಫೋಟೋ ಅಷ್ಟೇ ಚೆಂದ ಬರುತ್ತದೆ.

ಕ್ರಿಕೆಟ್ ಬಗ್ಗೆ ಹೆಚ್ಚು ಬೇಕಿಲ್ಲ. ಬೆಳಗಾವಿಯ ಆಟೋನಗರದ ಮೈದಾನದಲ್ಲಿ ಪಂದ್ಯವಿದ್ದಾಗ ಗಡಿಗೆರೆಯ ಬಳಿ ನಿಂತ ಫೀಲ್ಡರ್‌ನನ್ನು ಕೂಗಿ ಕರೆಯುತ್ತಾರೆ, ಅವನು ತಿರುಗದಿದ್ದರೆ ಹೆಸರಿಡುತ್ತಾರೆ. ಚೆಂಡೆಸೆತಗಳ ನಡುವೆ ಅವನ ಕಣ್ಣು ನಾಯಕನ ಕೈಸನ್ನೆಯ ಮೇಲಿರಬೇಕು. ಊಟದ 40 ನಿಮಿಷ, ಚಹಾದ 20 ನಿಮಿಷದಲ್ಲಿ ಪ್ಯಾಡ್ ಬಿಚ್ಚಿ, ಉಂಡು, ಮತ್ತೆ ಕಟ್ಟಬೇಕು. ಭ್ರಷ್ಟಾಚಾರ ತಡೆ ನಿಯಮ ಜಾರಿಯಲ್ಲಿರುವ ಪಂದ್ಯಗಳಲ್ಲಿ ಆಟಗಾರರ ಆವರಣದೊಳಗೆ ಅವರ ಫೋನನ್ನೂ ಬಿಡುವುದಿಲ್ಲ, ನಿಮ್ಮ ಫೋನ್ ಹಿಡಿಯುವುದಂತೂ ದೂರದ ಮಾತು. ನೆಟ್ಸ್ ಮುಗಿಸಿ ಕಿಟ್ ಹೊತ್ತು ಮರಳುವ ಹೊತ್ತೇ ಸರಿಯಾದ ಹೊತ್ತು. ಖಾನಾವಳಿಯಲ್ಲಿ ಕಂಡರೆ ರೊಟ್ಟಿ ಮುರಿಯುವ ಕೈ ತೊಳೆಯುವವರೆಗೆ ಕಾಯಿರಿ.

ಸಹಿ ಕೇಳುವುದಕ್ಕೂ ತಯಾರಿ ಬೇಕು. ಬ್ಯಾಟಿಗೆ, ಚೆಂಡಿಗೆ, ಅಂಗಿಗೆ ಅಳಿಯದ ಮಾರ್ಕರ್, ಪುಸ್ತಕಕ್ಕೆ ಬಾಲ್‌ಪೆನ್. ಮುಚ್ಚಳ ತೆಗೆದು, ಒಂದು ಗೀರು ಗೀಚಿ ಶಾಯಿ ಬರುತ್ತದೆಯೇ ನೋಡಿ ಕೊಡಿ. ಅಂಗಿಯಾದರೆ ಕೆಳಗೆ ರಟ್ಟು ಇಡಿ, ಇಲ್ಲದಿದ್ದರೆ ಬಟ್ಟೆ ಮುದುಡಿ ಅಕ್ಷರ ಒಡೆಯುತ್ತದೆ. ಹೊಸ ಚೆಂಡಿನ ಮೆರುಗಿನ ಮೇಲೆ ಶಾಯಿ ಆರಲು ಒಂದೆರಡು ನಿಮಿಷ ಬೇಕು, ಅಲ್ಲಿಯವರೆಗೆ ಜೇಬಿಗಿಳಿಸಬೇಡಿ. ಖಾಲಿ ಹಾಳೆಯ ನಡುವೆ ಸಹಿ ಹಾಕಲು ಹಲವರು ಒಪ್ಪುವುದಿಲ್ಲ, ಮೇಲೆ ಯಾರಾದರೂ ಏನನ್ನಾದರೂ ಬರೆದುಕೊಳ್ಳಬಹುದು ಎಂಬ ಅಂಜಿಕೆಯಿಂದ. ಮಗುವಿನ ಹೆಸರು ಬರೆದ ಹಾಳೆ ಕೊಟ್ಟರೆ ಆ ಅಂಜಿಕೆ ಇರುವುದಿಲ್ಲ. ರಾಷ್ಟ್ರಧ್ವಜದ ಮೇಲೆ ಮಾತ್ರ ಕೇಳಲೇಬೇಡಿ, ಅದರ ಮೇಲೆ ಬರೆಯುವುದು ಕಾನೂನಿಗೆ ವಿರುದ್ಧ. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್ ಆದ ನೀರಜ್ ಚೋಪ್ರಾ ಅವರ ಮುಂದೆ ಅಲ್ಲಿಯ ಅಭಿಮಾನಿಯೊಬ್ಬರು ತ್ರಿವರ್ಣ ಧ್ವಜ ಹಿಡಿದು ಸಹಿ ಕೇಳಿದರು. ಧ್ವಜದ ಮೇಲೆ ಹಾಕಲಾಗದೆಂದು ತಿಳಿಸಿ, ಅವರ ಅಂಗಿಯ ತೋಳಿನ ಮೇಲೆ ಹಾಕಿಕೊಟ್ಟರು. ಒಲ್ಲೆ ಎನ್ನುವುದಕ್ಕೂ ಒಂದು ರೀತಿ ಇದೆ ಎಂದು ಆಟಗಾರರು ಕಲಿಯಬೇಕಾದದ್ದು ಇಲ್ಲಿ.

ಹೌದು, ಆಟಗಾರರದ್ದೂ ತಪ್ಪಿದೆ. ಕೈಗೆ ಬಂದ ಫೋನನ್ನು ನೆಲಕ್ಕೆ ತಳ್ಳುವವರು, ಸಣ್ಣ ಮಕ್ಕಳ ಮುಂದೆ ಬೈಯುವವರು, ಒಂದು ಕಿವಿಗೆ ಫೋನ್ ಹಿಡಿದು ಮುಖ ನೋಡದೇ ಸಹಿ ಗೀಚುವವರು, ಜೊತೆಗಾರರ ಕೈಯಿಂದ ಮಂದಿಯನ್ನು ನೂಕಿಸುವವರು ಇದ್ದಾರೆ. ಇವರಿಗೆ ದಣಿವಿನ ನೆಪ ಸಲ್ಲದು. ‘ಈಗ ಆಗೂದಿಲ್ರಿ, ಮೈ ಆರಿಸ್ಕೊಂಡ ಅರ್ಧಾ ತಾಸಿಗೆ ಇಲ್ಲೇ ಬರ್ತೇನ್ರಿ’ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಲು ಐದು ಸೆಕೆಂಡ್ ಸಾಕು, ಹೇಳಿದ ಮೇಲೆ ಬರಬೇಕು. ಕೆಣಕುವ ಪ್ರೇಕ್ಷಕರ ಮೇಲೆ ಏರಿ ಹೋದವರ ಗತಿ ಏನಾಯಿತೆಂಬುದೂ ದಾಖಲಾಗಿದೆ. 1995ರ ಜನವರಿಯಲ್ಲಿ ಬೈದ ಪ್ರೇಕ್ಷಕನಿಗೆ ಹಾರಿ ಒದ್ದ ಎರಿಕ್ ಕ್ಯಾಂಟೊನಾ ಆ ವರ್ಷ ಸೆಪ್ಟೆಂಬರ್ ಮುಗಿಯುವವರೆಗೆ ಫುಟ್‌ಬಾಲ್‌ನಿಂದ ಹೊರಗಿದ್ದರು. 1997ರಲ್ಲಿ ಟೊರಾಂಟೊದಲ್ಲಿ ಧ್ವನಿವರ್ಧಕ ಹಿಡಿದು ‘ಆಲೂ’ ಎಂದು ಹಂಗಿಸಿದವನ ಮೇಲೆ ಏರಿಹೋದ ಪಾಕಿಸ್ತಾನದ ಕ್ರಿಕೆಟಿಗ ಇಂಜಮಾಮ್ ಉಲ್ ಹಕ್‌ಗೆ ಎರಡು ಪಂದ್ಯಗಳ ನಿಷೇಧ. ಹಂಗಿಸಿದವರ ಪರ ನಾನಿಲ್ಲ. ಸೋತ ಪೈಲ್ವಾನ ಕಣದ ಹಿಂಬದಿಯಿಂದ ಒಬ್ಬನೇ ಹೋಗುವಾಗ ಸಿಳ್ಳೆ ಹೊಡೆಯುವ ನಮ್ಮ ಹುಡುಗರ ಪರವೂ ಇಲ್ಲ. ಆ ಹೊತ್ತಿನಲ್ಲಿ ‘ಛಲೋ ಆಡಿದ್ರಿ ಪೈಲ್ವಾನ್ರ’ ಎಂಬ ಒಂದು ಮಾತು ಅವನಿಗೆ ಗೆದ್ದವನ ಕಡಗಕ್ಕಿಂತ ಹೆಚ್ಚು.

ಆಟಗಾರ್ತಿಯರ ಬಳಿ ಹೋಗುವಾಗ ಕೇಳದೆ ಹೆಗಲ ಮೇಲೆ ಕೈ ಹಾಕುವುದು ಬೇಡ, ಒಂದು ಕೈಯಳತೆ ದೂರ ಇರಲಿ. ಕ್ರೀಡಾ ವಸತಿ ನಿಲಯದ ಮಕ್ಕಳು ಹದಿನೆಂಟು ತುಂಬದವರು. ಅವರ ಫೋಟೋ ತೆಗೆಯಲು ಕೋಚ್‌ರನ್ನು ಕೇಳಿ, ಫೋನ್ ನಂಬರ್ ಮಾತ್ರ ಕೇಳಬೇಡಿ.

ಕೊನೆಗೆ ಕುಸ್ತಿ ಕಮಿಟಿಯವರಿಗೆ, ರೇಸ್ ನಡೆಸುವವರಿಗೆ. ಲೆಕ್ಕ ಹಾಕಿ ನೋಡಿ: 200 ಮಂದಿ ಒಬ್ಬೊಬ್ಬರಾಗಿ ಸೆಲ್ಫಿ ತೆಗೆದುಕೊಂಡರೆ, ತಲೆಗೆ 15 ಸೆಕೆಂಡಿನಂತೆ 50 ನಿಮಿಷ. ಅದೇ 200 ಮಂದಿಯನ್ನು ಹತ್ತು ಹತ್ತರ ಗುಂಪು ಮಾಡಿ, ನಿಮ್ಮ ಒಬ್ಬ ಹುಡುಗನೇ ಫೋಟೋ ತೆಗೆದರೆ, ಗುಂಪಿಗೆ 20 ಸೆಕೆಂಡಿನಂತೆ 7 ನಿಮಿಷದೊಳಗೆ ಮುಗಿಯುತ್ತದೆ. ಹಾಗೆ ಮಾಡಲು ಬೇಕಾದದ್ದು ನಾಲ್ಕು ಬಿದಿರು ಗಳ, ಒಂದು ಹಗ್ಗದ ಸುರುಳಿ, ಒಂದು ಟೇಬಲ್, ಆರು ಸ್ವಯಂಸೇವಕರು. ಒಳಬರುವ ದಾರಿ ಒಬ್ಬರು ಹಿಡಿಸುವಷ್ಟು, ಹೊರಹೋಗುವ ದಾರಿ ಅದಕ್ಕಿಂತ ಅಗಲ, ಎರಡೂ ಬೇರೆ ಬೇರೆ ಕಡೆ. ಒಂದೇ ಬಾಗಿಲಿದ್ದರೆ ಬರುವವರು, ಹೋಗುವವರು ಎದುರಾಗಿ ಒತ್ತುತ್ತಾರೆ. ಒಂದು ಚದರ ಮೀಟರಿನಲ್ಲಿ 5 ಜನರಿಗಿಂತ ಹೆಚ್ಚಾದರೆ ಯಾರ ಕಾಲೂ ಅವರ ಹಿಡಿತದಲ್ಲಿರುವುದಿಲ್ಲ, ಹಿಂದಿನವರ ಒತ್ತಡ ಮುಂದಿನವರ ಎದೆಗೆ ಬರುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತದ್ದು ತಮ್ಮ ಆಟಗಾರರನ್ನು ನೋಡಲು ಬಂದು. ನಮ್ಮ ಜಾತ್ರೆಯ ಬಯಲು ದೊಡ್ಡದಿರಬಹುದು, ಕಣದ ಬಾಗಿಲು ಸಣ್ಣದೇ.

ಕುಸ್ತಿಯ ಕರಪತ್ರದಲ್ಲಿ ಜೋಡಿಗಳ ಹೆಸರು, ಬೆಳ್ಳಿ ಗದೆ, ಇನಾಮಿನ ಮೊತ್ತ, ದೇಣಿಗೆ ಕೊಟ್ಟವರ ಫೋಟೋ ಎಲ್ಲವೂ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಹಾಕಿ: ‘ಕೊನೆಯ ಕುಸ್ತಿ ಮುಗಿದ ಅರ್ಧ ತಾಸಿಗೆ, ಪೆಂಡಾಲಿನ ಎಡಕ್ಕೆ, ಪೈಲ್ವಾನರ ಭೇಟಿ. ಗೆದ್ದವರು, ಸೋತವರು ಇಬ್ಬರೂ ಇರುತ್ತಾರೆ.’ ಕರಾರು ಮಾಡಿಕೊಳ್ಳುವಾಗಲೇ ಪೈಲ್ವಾನರಿಗೂ ಈ ವಿಷಯ ತಿಳಿಸಿ, ಆ ಭೇಟಿಯ ಹೊತ್ತನ್ನೂ ಸೇರಿಸಿಯೇ ಮಾನಧನ ಗೊತ್ತು ಮಾಡಿ.

ಇಂತಿ,
ಕ್ರೀಡಾಕೂಟಗಳ ಸ್ವಯಂಸೇವಕ,
ಬಾಗಲಕೋಟೆ